ಮೊದಲು ನಕಲು, ಆಮೇಲೆ ರಿಪೇರಿ

(ನಾಗಪುರದಲ್ಲಿ ಕನ್ನಡ ಕೆಲಸಗಾರರ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಇಂದು ನಾನು ಹೇಳಹೊರಟ ವಿಷಯ ಕೇಳುವುದಕ್ಕೆ ಸಣ್ಣದು. ಬೆಂಕಿಪೆಟ್ಟಿಗೆಯಷ್ಟಿರುವ ಹಾಡಿನ ಯಂತ್ರ, ಎಂ.ಪಿ.ತ್ರೀ ಪ್ಲೇಯರ್ ಎಂಬುದು, ನಮ್ಮಲ್ಲಿ ಕೆಲವರ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಮೊಬೈಲ್ ಬಂದ ಮೇಲೆ ಅದರ ಕಾಲ ಮುಗಿಯಿತೆನ್ನುವವರಿದ್ದಾರೆ. ಆಪಲ್ ಕಂಪನಿಯವರು ೨೦೦೧ರಲ್ಲಿ ಹೊರತಂದ ಐಪಾಡನ್ನು ೨೦೨೨ರಲ್ಲಿ ನಿಲ್ಲಿಸಿದ್ದು ನಿಜ. ಆದರೆ ಅದರೊಳಗೆ ನಾವು ತುಂಬಿಟ್ಟದ್ದೇನು? ಊರಿನ ಬಯಲಾಟ, ತಂಗಿಯ ಮದುವೆಯ ಶೋಭಾನೆ, ಈಗ ಇಲ್ಲದವರ ದನಿ. ಇವು ಯಾವ ಅಂಗಡಿಯಲ್ಲೂ ಸಿಗುವ ಸರಕಲ್ಲ.

ಇಂಥ ಯಂತ್ರವನ್ನು ಸಿಕ್ಕಿಸಿದಾಗ ಕಂಪ್ಯೂಟರು ಗುರುತೇ ಹಿಡಿಯದಿದ್ದರೆ ನಾವು ರಿಪೇರಿ ಅಂಗಡಿಗೆ ಓಡುತ್ತೇವೆ. ನಮ್ಮ ರೂಮಿನ ಅಡಿಗೆಯವನೊಬ್ಬ ಹಾಗೆಯೇ ಓಡಿದ. ಅಂಗಡಿಯವನು "ಫಾರ್ಮ್ಯಾಟ್ ಮಾಡಬೇಕು" ಎಂದ. ಇವನಿಗೆ ಅರ್ಥವಾಗದೆ ಹೂಂ ಎಂದ. ಒಳಗಿದ್ದ ತಂದೆಯ ಭಾಗವತಿಕೆ ಅಳಿಸಿಹೋಯಿತು. ತಂದೆ ತೀರಿ ನಾಲ್ಕು ವರ್ಷವಾಗಿತ್ತು. ರೂಮಿಗೆ ಬಂದು ತನ್ನ ಹಳೆಯ ವಯರಿನಲ್ಲಿ ಸಿಕ್ಕಿಸಿದರೆ ಕಂಪ್ಯೂಟರು ಮತ್ತೆ ಗುರುತು ಹಿಡಿಯಲಿಲ್ಲ. ಕೆಟ್ಟಿದ್ದದ್ದು ವಯರು ಮಾತ್ರ!

ಆದ್ದರಿಂದ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಕಂಪ್ಯೂಟರು ಗುರುತಿಸದಿದ್ದರೂ ಯಂತ್ರ ತಾನಾಗಿ ಹಾಡುತ್ತಿದ್ದರೆ ಹಾಡು ಕ್ಷೇಮವಾಗಿದೆ ಎಂದರ್ಥ. ಕೆಟ್ಟಿರುವುದು ನಡುವಿನ ದಾರಿ. ಆ ದಾರಿಯನ್ನು ನಾಲ್ಕು ಕಡೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ.

ಮೊದಲನೆಯದು ವಯರು. ಇದನ್ನು ಯು.ಎಸ್.ಬಿ. ಎನ್ನುತ್ತಾರೆ. ೧೯೯೬ರಲ್ಲಿ ಹೊರಬಂದ ಈ ಏರ್ಪಾಡನ್ನು ರೂಪಿಸಿದವರಲ್ಲಿ ಬರೋಡದಲ್ಲಿ ಓದಿ ಇಂಟೆಲ್ ಕಂಪನಿ ಸೇರಿದ ಅಜಯ್ ಭಟ್ ಅವರು ಪ್ರಮುಖರು. ನಮ್ಮ ಹಳೆಯ ಯಂತ್ರಗಳ ವಯರಿನೊಳಗೆ ನಾಲ್ಕು ಎಳೆಗಳಿರಬೇಕು. ಸಾಮಾನ್ಯವಾಗಿ ಕೆಂಪು, ಕಪ್ಪು ಎಳೆಗಳು ಕರೆಂಟಿಗೆ; ಬಿಳಿ, ಹಸಿರು ಎಳೆಗಳು ಮಾತುಕತೆಗೆ. ಬರೀ ಚಾರ್ಜಿಗೆಂದು ಮಾರುವ ಅಗ್ಗದ ವಯರಿನಲ್ಲಿ ಮಾತಿನ ಎಳೆಗಳೇ ಇರುವುದಿಲ್ಲ. ಚಾರ್ಜ್ ಆಗುತ್ತಿದೆ, ಆದ್ದರಿಂದ ವಯರು ಸರಿಯಾಗಿದೆ ಎಂದು ತಿಳಿಯಬಾರದು. ಒಲೆ ಉರಿಯುತ್ತಿದೆ ಎಂದ ಮಾತ್ರಕ್ಕೆ ಗಿರಾಕಿಯ ಆರ್ಡರು ಅಡಿಗೆಮನೆಗೆ ಮುಟ್ಟಿತು ಎನ್ನಲಾದೀತೇ?

ಎರಡನೆಯದು ತೂತು ಮತ್ತು ಬ್ಯಾಟರಿ. ನಮ್ಮ ಜೇಬಿನಲ್ಲಿ ಹಿಟ್ಟಿನ ಧೂಳು, ಮಿಲ್ಲಿನವರ ಜೇಬಿನಲ್ಲಿ ಹತ್ತಿಯ ಎಳೆ ಇದ್ದೇ ಇರುತ್ತವೆ. ಯಂತ್ರವನ್ನು ಆರಿಸಿ, ಒಣಗಿದ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ಹಾಕಬೇಡಿ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಅರ್ಧ ಗಂಟೆ ಚಾರ್ಜಿಗಿಡಿ. ಕಂಪ್ಯೂಟರಿನ ಬೇರೆ ತೂತಿಗೆ, ಆಮೇಲೆ ಬೇರೆ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ.

ಮೂರನೆಯದು ಭಾಷೆ. ಸೀತಾಬರ್ಡಿಯ ಅಂಗಡಿಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಉತ್ತರ ಸಿಕ್ಕೀತೇ? ಹಾಗೆಯೇ ಈ ಯಂತ್ರಗಳಿಗೂ ಎಂ.ಟಿ.ಪಿ., ಎಂ.ಎಸ್.ಸಿ. ಎಂದು ಎರಡು ಭಾಷೆಗಳಿವೆ. ಹಲವು ಯಂತ್ರಗಳ ಸೆಟ್ಟಿಂಗಿನಲ್ಲಿ ಯು.ಎಸ್.ಬಿ. ಮೋಡ್ ಎಂದಿರುತ್ತದೆ; ಒಂದು ನಡೆಯದಿದ್ದರೆ ಇನ್ನೊಂದನ್ನು ಆರಿಸಿ. ಆಪಲ್ ಕಂಪ್ಯೂಟರಿಗೆ ಎಂ.ಟಿ.ಪಿ. ತಾನಾಗಿ ತಿಳಿಯುವುದಿಲ್ಲ. ಆಂಡ್ರಾಯ್ಡ್ ಮೊಬೈಲಾದರೆ ಲಾಕ್ ತೆಗೆದು 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಒತ್ತಬೇಕು.

ನಾಲ್ಕನೆಯದು ನಂಬ್ರ. ಹೊಟೇಲಿನ ಟೇಬಲ್ಲಿಗೆ ನಂಬ್ರವಿಲ್ಲದಿದ್ದರೆ ಮಾಣಿ ತಿಂಡಿಯನ್ನು ಎಲ್ಲಿಗೆ ಒಯ್ಯಬೇಕು? ಎಂ.ಎಸ್.ಸಿ.ಯಲ್ಲಿ ಸಿಕ್ಕಿಸಿದ ಯಂತ್ರಕ್ಕೆ ವಿಂಡೋಸ್ ಕಂಪ್ಯೂಟರು ಇ, ಎಫ್, ಜಿ ಎಂದು ಒಂದು ಅಕ್ಷರ ಕೊಡುತ್ತದೆ. ಕೆಲವೊಮ್ಮೆ ಕೊಡುವುದಿಲ್ಲ, ಆಗ ಯಂತ್ರ ಇದ್ದೂ ಕಾಣದು. 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬಲ್ಲಿ ಹೋಗಿ ಅಕ್ಷರ ಕೊಟ್ಟರೆ ಸಾಕು, ಹಾಡು ಅಳಿಯುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ 'ಫಾರ್ಮ್ಯಾಟ್' ಎಂಬುದೂ ಇರುತ್ತದೆ. ಕೈ ಜಾರೀತು, ಎಚ್ಚರ!

ಕೆಲವು ಸಲ ಕಂಪ್ಯೂಟರೇ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ. ಬೇಡವೆನ್ನಿ. ಅಂಗಡಿಯವನು ಕೇಳಿದರೂ ಬೇಡವೆನ್ನಿ. "ಮೊದಲು ಒಳಗಿನದನ್ನು ತೆಗೆದುಕೊಡಿ" ಎಂದು ಕೇಳಿ. ಹಾಗೆ ಕೇಳುವುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ. ಇಷ್ಟೆಲ್ಲ ಮಾಡಿದರೂ ಆಗದಿದ್ದರೆ, ಯಂತ್ರ ಹಾಡುತ್ತಿರುವ ತನಕ ಇನ್ನೊಂದು ಉಪಾಯವಿದೆ. ಗಲಾಟೆಯಿಲ್ಲದ ಹೊತ್ತಿನಲ್ಲಿ ಅದನ್ನು ಸಣ್ಣ ಸ್ಪೀಕರಿಗೆ ಸೇರಿಸಿ ಹಾಡಿಸಿ, ಪಕ್ಕದಲ್ಲಿ ಮೊಬೈಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ. ದನಿ ಸ್ವಲ್ಪ ಮಸುಕಾದೀತು. ಆದರೂ ಅದು ತಂದೆಯ ದನಿಯೇ ತಾನೇ?

ಒಮ್ಮೆ ಕೈಗೆ ಬಂದುದನ್ನು ಎರಡು ಕಡೆ ಇಡಿ. ಒಂದು ಪ್ರತಿ ಇಲ್ಲಿ, ಒಂದು ಊರಿನಲ್ಲಿ. ಬರುವ ಭಾನುವಾರ ಇಂಥ ಯಂತ್ರವಿರುವವರು ಅದನ್ನೂ ಅದರ ವಯರನ್ನೂ ತನ್ನಿ. ಎಲ್ಲರೂ ಕೂಡಿ ನೋಡೋಣ.