ವಸತಿಶಾಲೆಯಲ್ಲಿ ಒಂದು ವರ್ಷದ ಸೇವೆ



ಇಂಗ್ಲೆಂಡು, ಆಸ್ಟ್ರೇಲಿಯಾ ಮೊದಲಾದ ದೇಶಗಳ ಕೆಲವು ತರುಣರು ಶಾಲೆಯನ್ನು ಮುಗಿಸಿ ಕಾಲೇಜನ್ನು ಸೇರುವ ಮುನ್ನ ಪರದೇಶದ ವಸತಿಶಾಲೆಯೊಂದರಲ್ಲಿ ಒಂದು ವರ್ಷ ದುಡಿಯುವರು. ಮಕ್ಕಳನ್ನು ಎಬ್ಬಿಸುವುದು, ಆಡಿಸುವುದು, ರಾತ್ರಿಯ ಓದಿಗೆ ಜತೆಯಾಗಿರುವುದು ಅವರ ಕಾಯಕ. ಊಟ ವಸತಿಗಳೊಡನೆ ಅಲ್ಪ ವೇತನವೂ ದೊರೆಯುವುದುಂಟು.

ದಾವಣಗೆರೆಯವರಿಗೆ ಇದು ತೀರ ಹೊಸತೆನಿಸಬೇಕಾಗಿಲ್ಲ. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಶಿರಸಿಯ ಮಾಸ್ತರಿಕೆಯನ್ನು ತೊರೆದು, 1906ರಲ್ಲಿ ಈ ಊರಿನಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳೊಡನೆ ಬಸವಜಯಂತಿಯ ಸಾರ್ವಜನಿಕ ಉತ್ಸವವನ್ನು ಆರಂಭಿಸಿದರು. ಬಳಿಕ ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಆಶ್ರಮವನ್ನು ಹೂಡಿದರು. 1927ರಲ್ಲಿ ಕೃಷ್ಣಾತೀರದ ಆಲಮಟ್ಟಿಯಲ್ಲಿ ವಸತಿವಿದ್ಯಾಲಯವನ್ನು ಕಟ್ಟಿದರು. ಹುಟ್ಟೂರು ಬಿಟ್ಟು ಪರಸ್ಥಳದ ಮಕ್ಕಳಿಗಾಗಿ ದುಡಿದ ಆ ಬಾಳು ಒಂದು ವರ್ಷದ್ದಲ್ಲ, 1947ರಲ್ಲಿ ಲಿಂಗೈಕ್ಯರಾಗುವವರೆಗಿನದು.

ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳು ತೆರೆದ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ ದೊಡ್ಡವರಾದವರು ಅನೇಕರು. ಅವರಲ್ಲಿ ಮರಳಿ ಬಂದು ಎಲೆ ಹಾಸಿದವರೆಷ್ಟು ಮಂದಿ? ದ್ರವ್ಯದ ಕಾಣಿಕೆಯು ಬರುವುದು, ಸಂತೋಷವೇ. ಆದರೆ ದ್ರವ್ಯವು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಹಳ್ಳಿಯಿಂದ ಹೊಸದಾಗಿ ಬಂದ ಬಾಲಕನು ಮೊದಲ ರಾತ್ರಿ ತಾಯಿಯನ್ನು ನೆನೆದು ಅಳುವನು. ಆಗ ಅವನಿಗೆ ಹದಿನೆಂಟು ವಯಸ್ಸಿನ ಅಣ್ಣನೊಬ್ಬನು ಬೇಕು. ದಾವಣಗೆರೆ ಹರಿಹರಗಳ ತರುಣರು ಪರದೇಶದ ಶಾಲೆಗಳಿಗೆ ಧಾರಾಳವಾಗಿ ಹೋಗಲಿ. ಹೋಗುವ ಮುನ್ನ ಒಂದು ತಿಂಗಳಾದರೂ ಸಮೀಪದ ಪ್ರಸಾದನಿಲಯದಲ್ಲಿರಲಿ. ಜೂನ್ ತಿಂಗಳಿನಲ್ಲಿ ಹೊಸ ಮಕ್ಕಳು ಬರುವರು.