ಯುವಕರಿಗೆ ಶಾಲು ಸಾಕೇ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಯುವಜನ ಸನ್ಮಾನ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ, ಊರಿಗೆ ಉಪಕಾರವಾಗುವಂಥ ಕೆಲಸ ಮಾಡಿದ ಹುಡುಗ ಹುಡುಗಿಯರನ್ನು ಕರೆದು ಗೌರವಿಸಬೇಕು ಅಂತ ಆಡಳಿತ ಮಂಡಳಿಯವರು ತೀರ್ಮಾನ ಮಾಡಿದ್ದು ಬಹಳ ಸಂತೋಷದ ವಿಷಯ. ಸಾಮಾನ್ಯವಾಗಿ ಇಂಥ ಸಭೆಗಳಲ್ಲಿ ನಾವು ಮಾಡೋದು ಪ್ರತಿಭಾ ಪುರಸ್ಕಾರ. ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮದು ಎಷ್ಟನೇ ಸ್ಥಾನ ಅಂತ ಟೀ ಅಂಗಡಿಯಲ್ಲೂ ಚರ್ಚೆ ನಡೆಯುತ್ತದೆ. ಅಂಕ ತೆಗೆದ ಮಕ್ಕಳಿಗೆ ಹಾರ ಹಾಕಬೇಕು, ಬೇಡ ಅನ್ನುವುದಿಲ್ಲ. ಆದರೆ ಅಂಕ ಅವರವರ ಬದುಕಿಗೆ. ಊರಿಗೆ ಮಾಡಿದ ಕೆಲಸದ ಲೆಕ್ಕ ಬೇರೆ, ಅದನ್ನು ಬರೆದಿಡುವ ಪುಸ್ತಕ ನಮ್ಮಲ್ಲಿ ಇನ್ನೂ ಇಲ್ಲ.

ಧೈರ್ಯವನ್ನು ಗೌರವಿಸುವ ಪದ್ಧತಿ ದೇಶದಲ್ಲಿ ಹಳೆಯದು. 1957ರ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಪ್ರಧಾನಿ ನೆಹರೂ ಅವರು ಕುಳಿತಿದ್ದ ಶಾಮಿಯಾನಕ್ಕೆ ಬೆಂಕಿ ಬಿತ್ತು. ಹದಿನಾಲ್ಕು ವರ್ಷದ ಒಬ್ಬ ಹುಡುಗ ಚಾಕುವಿನಿಂದ ಬಟ್ಟೆ ಸೀಳಿ ಜನರಿಗೆ ದಾರಿ ಮಾಡಿದ. ಅಲ್ಲಿಂದಲೇ ಮಕ್ಕಳಿಗೆ ಶೌರ್ಯ ಪ್ರಶಸ್ತಿ ಕೊಡುವುದು ಶುರುವಾಯಿತು. ನಮ್ಮ ರಾಜ್ಯದ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಬಾಲಕ ವೆಂಕಟೇಶನೂ ಆ ಪ್ರಶಸ್ತಿ ಪಡೆದವನು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಪ್ರವಾಹದಿಂದ ಸೇತುವೆ ಮುಳುಗಿ, ರಸ್ತೆ ಎಲ್ಲಿ, ನದಿ ಎಲ್ಲಿ ಅಂತ ತಿಳಿಯದಂತಾಗಿತ್ತು. ಆ ನೀರಿನಲ್ಲಿ ಈ ಹುಡುಗ ಮುಂದೆ ಮುಂದೆ ಓಡಿ, ಆಂಬುಲೆನ್ಸಿಗೆ ದಾರಿ ತೋರಿಸಿದ. ಆ ಚಿತ್ರ ನೀವೆಲ್ಲ ಮೊಬೈಲಿನಲ್ಲಿ ನೋಡಿರಬಹುದು.

ಆದರೆ ಎಲ್ಲ ಒಳ್ಳೆಯ ಕೆಲಸವೂ ಮೊಬೈಲಿಗೆ ಸಿಗುವಂಥದ್ದಲ್ಲ. ದೂರ ಹೋಗೋದು ಬೇಡ, ನಮ್ಮ ತಾಲ್ಲೂಕಿನ ಮೈದನಹಳ್ಳಿಯನ್ನೇ ತೆಗೆದುಕೊಳ್ಳಿ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನಮಗೆ ಮನೆಯ ಹೊಳೆ. ಅದರ ಹೆಸರಿನಲ್ಲೇ ಮೈದನಹಳ್ಳಿಯ ಹತ್ತಿರ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ ಇದೆ, 798 ಎಕರೆ. ರಾಜ್ಯದಲ್ಲಿ ಕೃಷ್ಣಮೃಗ ಅಂದ ಕೂಡಲೇ ಎಲ್ಲರೂ ರಾಣೆಬೆನ್ನೂರು ಅನ್ನುತ್ತಾರೆ. ಅದು ಬಿಟ್ಟರೆ ಇಷ್ಟು ಸಂಖ್ಯೆಯಲ್ಲಿ ಒಟ್ಟಾಗಿ ಅವು ಇರುವುದು ನಮ್ಮ ಮಧುಗಿರಿ ತಾಲ್ಲೂಕಿನಲ್ಲಿ. ಇದನ್ನು ಹೊರಗಿನ ಲೋಕಕ್ಕೆ ಗಟ್ಟಿಯಾಗಿ ಹೇಳಿದವರು ಯಾರು? ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಅನ್ನುವ ಹವ್ಯಾಸಿಗಳ ಸಂಸ್ಥೆಯವರು. ಸಂಬಳಕ್ಕೆ ಮಾಡಿದ ಕೆಲಸವಲ್ಲ ಇದು. ಬಿಸಿಲಿನಲ್ಲಿ ಬಯಲಿಗೆ ಬರುವುದು, ಗಂಡು ಎಷ್ಟು ಹೆಣ್ಣು ಎಷ್ಟು ಅಂತ ಎಣಿಸುವುದು, ಬರೆದಿಡುವುದು, ಆಮೇಲೆ ಅದನ್ನು ಹಿಡಿದು ಇಲಾಖೆಯ ಬಾಗಿಲು ತಟ್ಟುವುದು. ಅವರ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ, ಒಬ್ಬರನ್ನು ಹೇಳಿದರೆ ಹತ್ತು ಜನರನ್ನು ಬಿಟ್ಟಂತಾಗುತ್ತದೆ.

ಎಣಿಸೋದರಲ್ಲಿ ಏನಿದೆ ದೊಡ್ಡ ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ಸ್ವಾಮಿ, ಎಣಿಸದೇ ಇದ್ದರೆ ಆ ಬಯಲು ಕಾಗದದಲ್ಲಿ ಬರೀ ಬಂಜರು! ಹುಲ್ಲು ಬೆಳೆದ ಜಾಗ ಅಂದರೆ ಪಾಳು ಜಾಗ, ನೀಲಗಿರಿಯನ್ನೋ ಜಾಲಿಯನ್ನೋ ನೆಟ್ಟು ಬಿಡೋಣ ಅನ್ನುವುದು ನಮ್ಮ ಕಡೆ ಬಹಳ ಕಾಲದ ಬುದ್ಧಿ. ಕೃಷ್ಣಮೃಗಕ್ಕೆ ಬೇಕಾದ್ದು ಮರದ ಕಾಡಲ್ಲ, ದೂರಕ್ಕೆ ಕಣ್ಣು ಹಾಯುವ, ಓಡಲು ತೆರಪಿರುವ ಹುಲ್ಲುಗಾವಲು. ನಮ್ಮ ಹಸು, ಕುರಿಗಳಿಗೆ ಬೇಕಾದ್ದೂ ಅದೇ ಅಲ್ಲವೇ?

ರೈತರಿಗೆ ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಿಂಕೆ ಹೊಲಕ್ಕೆ ನುಗ್ಗಿದರೆ ಬೆಳೆ ಹೋಗುತ್ತದೆ, ಆ ನೋವು ಬೆಳೆದವನಿಗೇ ಗೊತ್ತು. ಆದ್ದರಿಂದಲೇ ಈ ಸಂರಕ್ಷಿತ ಪ್ರದೇಶದ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಬೇಕು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿ ತಂದು ಈ ಹೊಸ ಬಗೆಯನ್ನು ಸೇರಿಸಿದರು. ಘೋಷಣೆಗೆ ಮುಂಚೆ ಸುತ್ತಲಿನ ಜನರ ಜೊತೆ ಸಮಾಲೋಚನೆ ಮಾಡಬೇಕು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಯವರು, ಕೃಷಿ ಮತ್ತು ಪಶುಪಾಲನಾ ಇಲಾಖೆಯವರು ಇರಬೇಕು. 2007ರ ಜುಲೈನಲ್ಲಿ ಮೈದನಹಳ್ಳಿಗೆ ಸರ್ಕಾರದ ಆದೇಶ ಆಯಿತು. ವರ್ಷಾನುಗಟ್ಟಲೆ ಬಯಲು ಅಲೆದವರಿಗೆ ಆ ಆದೇಶದ ಪ್ರತಿಯೇ ನಿಜವಾದ ಸನ್ಮಾನಪತ್ರ ಅಂತ ನನ್ನ ಭಾವನೆ. ಯಾಕೆಂದರೆ ಅವರು ಹೇಳಿದ ಮಾತನ್ನು ದೊಡ್ಡವರು ನಂಬಿದರು, ನಂಬಿ ಒಂದು ಕಾಗದದ ಮೇಲೆ ಸಹಿ ಹಾಕಿದರು.

ಈಗ ನಮ್ಮ ಸಂಘಕ್ಕೆ ಬರುತ್ತೇನೆ. ಇಂದು ಶಾಲು ಹೊದ್ದವರಲ್ಲಿ ಕೊರೋನ ಕಾಲದಲ್ಲಿ, 2020ರಲ್ಲಿ, ಬಸ್ಸಿಲ್ಲದ ದಿನ ಬೈಕಿನಲ್ಲಿ ಮಧುಗಿರಿಗೆ ಹೋಗಿ ವಯಸ್ಸಾದವರ ಬಿ.ಪಿ., ಶುಗರ್ ಮಾತ್ರೆ ತಂದು ಕೊಟ್ಟವರಿದ್ದಾರೆ. ಸಂಜೆ ಹೊತ್ತು ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹೆಣ್ಣುಮಗಳಿದ್ದಾಳೆ. ಆಕೆಯ ಇನ್ನೊಂದು ಕೆಲಸ ನಿಮಗೆಲ್ಲ ಗೊತ್ತು. ಬೆಳಗ್ಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಆರು ಗಂಟೆಗೆ ಡೇರಿಗೆ ತಂದು ಹಾಕುವವಳು ಅವಳೇ. ಫ್ಯಾಟ್ ಯಾಕೆ ಇಳಿಯಿತು ಅಂತ ಕೇಳುವವಳೂ ಅವಳೇ. ಷೇರು ಮಾತ್ರ ಅಪ್ಪನ ಹೆಸರಿನಲ್ಲಿ. ಸರ್ವ ಸದಸ್ಯರ ಸಭೆಗೆ ಬರುವವರು ಅಪ್ಪ, ಕೈ ಎತ್ತುವವರು ಅಪ್ಪ. (ನಗಬೇಡಿ, ಬಹುಪಾಲು ಮನೆಗಳ ಕಥೆ ಇದೇ.)

1959ರ ಸಹಕಾರ ಸಂಘಗಳ ಕಾಯಿದೆ ಹದಿನೆಂಟು ತುಂಬಿದವರು ಸದಸ್ಯರಾಗಬಾರದು ಅಂತ ಎಲ್ಲೂ ಹೇಳಿಲ್ಲ. ತಡೆ ಇರುವುದು ಕಾನೂನಿನಲ್ಲಲ್ಲ, ನಮ್ಮ ರೂಢಿಯಲ್ಲಿ. ಸಹಕಾರ ಅನ್ನುವುದು ಈ ನಾಡಿನಲ್ಲಿ ಬೇರು ಬಿಟ್ಟದ್ದು 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಆಗಲೇ ಊರಿನ ಹಿರಿಯರು. ಹಿರಿಯರಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳಿದರೆ ಅವರಿಗೆ ಅಪಚಾರವಾದೀತು. ಬಾಗಿಲು ತೆಗೆಯುವ ಕೆಲಸ ಹಿರಿಯರದೇ. ಆದರೆ ಬಾಗಿಲು ತೆಗೆದು ಅಲ್ಲೇ ಅಡ್ಡ ನಿಂತುಕೊಂಡರೆ ಹೇಗೆ?

ಆದ್ದರಿಂದ ಅಧ್ಯಕ್ಷರಲ್ಲಿ ಒಂದು ವಿನಂತಿ. ಬೆಳ್ಳಿಹಬ್ಬಕ್ಕೆಂದು ತೆಗೆದಿಟ್ಟ ಹಣದಲ್ಲಿ ಊಟ, ಶಾಮಿಯಾನ, ಶಾಲುಗಳ ಖರ್ಚು ಕಳೆದು ಏನಾದರೂ ಉಳಿದರೆ, ಬೈಲಾ ಒಪ್ಪುವ ರೀತಿಯಲ್ಲಿ, ಈಗಾಗಲೇ ಮನೆಯ ಹಸು ನೋಡಿಕೊಂಡು ಹಾಲು ಹಾಕುತ್ತಿರುವ ಹುಡುಗ ಹುಡುಗಿಯರ ಷೇರು ಹಣಕ್ಕೆ ಸಹಾಯ ಮಾಡಿ. ಹಣ ಉಳಿಯದಿದ್ದರೂ ಅರ್ಜಿಯನ್ನಾದರೂ ಕೊಡಿ, ಷೇರು ಹಣವನ್ನು ಅವರೇ ಕಟ್ಟುತ್ತಾರೆ. ಅಪ್ಪಂದಿರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಷೇರು ನಿಮ್ಮದೇ. ಒಂದೇ ಮನೆಯಿಂದ ಎರಡು ಸದಸ್ಯತ್ವ ಆಗುತ್ತದೋ ಇಲ್ಲವೋ ಅನ್ನುವುದನ್ನು ಕಾರ್ಯದರ್ಶಿಗಳು ಬೈಲಾ ನೋಡಿ ಹೇಳಲಿ. ಆಗದಿದ್ದರೆ ತಿದ್ದುಪಡಿ ವಿಷಯವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಹಾಕಿ, ನೋಟಿಸನ್ನು ಡೇರಿಯ ಗೋಡೆಗೆ ಅಂಟಿಸಿ. ಬೆಳಗ್ಗೆ ಹಾಲು ಹಾಕಲು ಬರುವವರು ಓದಿಕೊಳ್ಳುತ್ತಾರೆ.