ದುವಾ, ದವಾ ಮತ್ತು ಕೇಳುವ ಕಿವಿ

(ಸಂಘದ ವಾರ್ಷಿಕ ಸಭೆಯಲ್ಲಿ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಪ್ರತಿವರ್ಷ ನಾವು ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸುತ್ತೇವೆ, ಫಲಕ ಕೊಡುತ್ತೇವೆ. ಅದು ಆಗಲೇಬೇಕಾದ ಕೆಲಸ. ಆದರೆ ಆ ಶಾಲು ಹೊದ್ದು ಧಾರವಾಡಕ್ಕೋ ಬೆಳಗಾವಿಗೋ ವಿಜಯಪುರಕ್ಕೋ ಹೋದ ಮಗು ಆರು ತಿಂಗಳ ನಂತರ ಹೇಗಿದೆ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಜನ? ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಮನೆಗೆ ಬರುತ್ತಾರೆ. ಚಹಾ ಕುಡಿಯುವವರೆಗೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, ಬಾಗಿಲಲ್ಲಿ ನಿಂತು ನಿಜ ಹೇಳುತ್ತಾರೆ. ನಿದ್ದೆ ಬರುತ್ತಿಲ್ಲ, ತರಗತಿಗೆ ಹೋಗಲು ಮನಸ್ಸಿಲ್ಲ, ನಮಾಜಿಗೆ ನಿಂತರೂ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾರೆ. ಬಾಗಿಲಲ್ಲಿ ಆಡುವ ಆ ಮಾತನ್ನು ಕೂರಿಸಿ ಕೇಳುವವರು ಬೇಕು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಒಂದು ಸಂತೋಷದ ಲೆಕ್ಕ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2014-15ರಲ್ಲಿ ದೇಶದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ 15.34 ಲಕ್ಷ ಮುಸ್ಲಿಂ ವಿದ್ಯಾರ್ಥಿಗಳಿದ್ದರು. 2021-22ರಲ್ಲಿ ಅದು 21.1 ಲಕ್ಷವಾಯಿತು. ಅವರಲ್ಲಿ 10.54 ಲಕ್ಷ ಹೆಣ್ಣುಮಕ್ಕಳು, ಅಂದರೆ ಅರ್ಧದಷ್ಟು. ನಮ್ಮ ಭಾಗದಲ್ಲೂ ದಾರಿ ಹತ್ತಿರವಾಗಿದೆ. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ಎಲ್ಲಕ್ಕೂ ಗತಿಯಾಗಿತ್ತು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಜಮಖಂಡಿಯನ್ನೇ ಕೇಂದ್ರವಾಗಿಟ್ಟುಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು.

ದಾರಿ ಹತ್ತಿರವಾದರೂ ಹೆಗಲ ಮೇಲಿನ ಭಾರ ಇಳಿದಿಲ್ಲ. ಬನಹಟ್ಟಿಯ ಮಗ್ಗದ ಮನೆಯಿಂದ, ಮುಧೋಳದ ಗ್ಯಾರೇಜಿನಿಂದ, ಜಮಖಂಡಿಯ ಹಣ್ಣಿನ ಗಾಡಿಯಿಂದ, ಬೀಳಗಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಮನೆಯಿಂದ ಹೋಗುವ ಮಗುವೇ ಆ ಕುಟುಂಬದ ಮೊದಲ ಪದವೀಧರ. ಸೆಮಿಸ್ಟರ್ ಎಂದರೇನು, ಬ್ಯಾಕ್‌ಲಾಗ್ ಎಂದರೇನು ಎಂದು ತಿಳಿದವರು ಮನೆಯಲ್ಲಿಲ್ಲ. ಮಗ ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ಅದು ಅವನ ಪಾಲಿಗೆ ತಂದೆಯ ಸಾಲ, ಅಕ್ಕನ ಮದುವೆ, ಓಣಿಯ ಮಾತು ಎಲ್ಲವೂ ಆಗಿ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಊರೊಳಗೆ ಬಂದಾಗ ಹಾಸ್ಟೆಲಿನಲ್ಲಿ ಕುಳಿತು ಪುಸ್ತಕ ತೆರೆದ ಮಗುವಿನ ಸ್ಥಿತಿಯನ್ನು ನೀವೇ ಊಹಿಸಿರಿ.

ಭಾಷೆಯ ಶಿಕ್ಷಕಿಯಾಗಿ ಇನ್ನೊಂದು ಮಾತು ಹೇಳಬೇಕು. ನಮ್ಮ ಮಕ್ಕಳಿಗೆ ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ದುಃಖ ಮಾತ್ರ ಮನೆಯ ಭಾಷೆಯಲ್ಲೇ ಹುಟ್ಟುತ್ತದೆ. ತಾಯಿಯ ಮುಂದೆ ಹುಡುಗಿ ‘ದಿಲ್ ಘಬರಾತಾ’ ಎನ್ನುತ್ತಾಳೆ. ಡಾಕ್ಟರ ಮುಂದೆ ಅದೇ ಮಾತು ಕನ್ನಡದಲ್ಲಿ ‘ಎದೆ ಢವಢವ ಅಂತೈತ್ರಿ’ ಎಂದಾಗುತ್ತದೆ. ಡಾಕ್ಟರು ಇ.ಸಿ.ಜಿ. ಮಾಡಿಸಿ, ಟಾನಿಕ್ ಬರೆದು ಕಳಿಸುತ್ತಾರೆ. ಕಾಲೇಜಿನ ಗೋಡೆಯ ಮೇಲೆ ಡಿಪ್ರೆಶನ್ ಎಂಬ ಶಬ್ದವಿರುತ್ತದೆ, ಅದು ತನ್ನ ಘಬರಾಟದ ಇನ್ನೊಂದು ಹೆಸರಿರಬಹುದೆಂದು ಆ ಹುಡುಗಿಗೆ ತಿಳಿದಿರುವುದಿಲ್ಲ. ಮೂರು ಭಾಷೆ ಬಲ್ಲ ಮಗು ಮೂರರಲ್ಲೂ ಮೂಕವಾಗುತ್ತದೆ.

2022ನೆಯ ಇಸವಿಯನ್ನು ನೆನೆಯಿರಿ. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರಕಾರಿ ಆದೇಶ ಬಂತು. ಅದೇ ವಾರ ನಮ್ಮ ರಬಕವಿ-ಬನಹಟ್ಟಿಯಲ್ಲೂ ಕಲ್ಲುತೂರಾಟ ನಡೆಯಿತು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಆ ತಿಂಗಳುಗಳಲ್ಲಿ ಹಿಜಾಬ್ ಬಗ್ಗೆ ಮಾತಾಡದವರಿಲ್ಲ. ಪತ್ರಿಕೆ, ಟಿ.ವಿ., ಚಹಾದಂಗಡಿ, ಎಲ್ಲ ಕಡೆ ಚರ್ಚೆ. ಆದರೆ ಗೇಟಿನ ಹೊರಗೆ ನಿಂತ ಹುಡುಗಿಯನ್ನು ‘ಬೇಟೀ, ರಾತ್ರಿ ನಿದ್ದೆ ಬರುತ್ತದೆಯೇ? ಊಟ ಸೇರುತ್ತದೆಯೇ?’ ಎಂದು ಕೇಳಿದವರು ಬಹಳ ಕಡಿಮೆ.

ಮಗು ಬಾಯಿಬಿಟ್ಟಾಗ ನಾವು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ನಿನ್ನ ಈಮಾನ್ ಕಮ್ಜೋರ್ ಆಗಿದೆ, ನಮಾಜ್ ಹೆಚ್ಚು ಮಾಡು.’ ಕೆಲವು ಮನೆಗಳಲ್ಲಿ ‘ಯಾರದೋ ನಜರ್’ ಎಂದು ತಾಯಿತ ಕಟ್ಟಿಸುತ್ತಾರೆ. ನಮಾಜ್ ನಮ್ಮ ಬಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಃಖವೆಂದರೆ ಈಮಾನಿನ ಕೊರತೆ ಎಂದು ನಮಗೆ ಕಲಿಸಿದವರು ಯಾರು? ಯೂಸುಫರ ಅಗಲಿಕೆಯಿಂದ ಯಾಕೂಬ್ ಅಲೈಹಿಸ್ಸಲಾಮರ ಕಣ್ಣುಗಳೇ ಹೋದವೆಂದು ಕುರ್‌ಆನ್ ತಿಳಿಸುತ್ತದೆ. ಹಜ್ರತ್ ಮರ್ಯಮರು ಹೆರಿಗೆಯ ನೋವಿನಲ್ಲಿ ಒಂಟಿಯಾಗಿ, ತಾನು ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡರು. ಆಗ ಬಂದದ್ದು ಗದರಿಕೆಯಲ್ಲ. ಸಾಂತ್ವನದ ಮಾತು ಬಂತು, ಕುಡಿಯಲು ನೀರು, ತಿನ್ನಲು ಖರ್ಜೂರ ಸಿಕ್ಕಿತು. ಪ್ರವಾದಿವರ್ಯರು(ಸ) ಪತ್ನಿ ಖದೀಜಾ ಮತ್ತು ಚಿಕ್ಕಪ್ಪ ಅಬೂತಾಲಿಬರನ್ನು ಕಳೆದುಕೊಂಡ ವರ್ಷವನ್ನು ನಮ್ಮ ಇತಿಹಾಸವೇ ‘ಆಮುಲ್ ಹುಜ್ನ್’, ದುಃಖದ ವರ್ಷ ಎಂದು ಕರೆದಿದೆ.

ಯುವಕರೊಡನೆ ಮಾತಾಡುವ ರೀತಿಯೂ ಅಲ್ಲೇ ಇದೆ. ಒಬ್ಬ ತರುಣ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದಾಗ ಸುತ್ತಲಿದ್ದವರು ಅವನನ್ನು ಬೈದರು. ಪ್ರವಾದಿಯವರು(ಸ) ಹತ್ತಿರ ಕರೆದು ಕೂರಿಸಿಕೊಂಡರು. ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಇದನ್ನು ಬಯಸುವೆಯಾ ಎಂದು ಒಂದೊಂದಾಗಿ ಪ್ರಶ್ನೆ ಕೇಳಿದರು. ಕೊನೆಗೆ ಅವನ ಮೇಲೆ ಕೈಯಿಟ್ಟು ದುವಾ ಮಾಡಿದರು. ಕರೆಯುವುದು, ಕೂರಿಸುವುದು, ಕೇಳುವುದು, ಆಮೇಲೆ ದುವಾ. ನಾವು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

ಇದು ಪಶ್ಚಿಮದಿಂದ ಬಂದ ಫ್ಯಾಶನ್ ಎನ್ನುವವರಿಗೂ ಒಂದು ಮಾತು. ಹತ್ತನೆಯ ಶತಮಾನದಲ್ಲಿ, 934ರಲ್ಲಿ, ತೀರಿಕೊಂಡ ಅಬೂ ಜೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಕುರಿತು ಒಂದೇ ಗ್ರಂಥ ಬರೆದರು. ಕೋಪ, ಭಯ, ದುಃಖ, ವಸ್‌ವಸಾ ಎಂದು ಮನಸ್ಸಿನ ಬಾಧೆಗಳನ್ನು ಬೇರೆಬೇರೆಯಾಗಿ ವಿವರಿಸಿದರು. ಮನೆಯಲ್ಲಿ ಔಷಧಿ ತಂದಿಟ್ಟುಕೊಳ್ಳುವಂತೆ ನೆಮ್ಮದಿಯ ದಿನಗಳಲ್ಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ನಮ್ಮ ನೆರೆಯ ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕಿನಾಮಾ’ಗಳು ಹುಟ್ಟಿದವು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಹಾಡಿಕೊಳ್ಳಲೆಂದು ದಖನಿಯಲ್ಲಿ ರಚಿಸಿದ ಹಾಡುಗಳವು. ಮನೆಯ ಭಾಷೆಯಲ್ಲಿ, ಕೆಲಸದ ಜಾಗದಲ್ಲೇ ಮನಸ್ಸಿಗೆ ಆಸರೆ ಕೊಡುವುದು ಈ ಮಣ್ಣಿಗೆ ಹೊಸದಲ್ಲ.

ಇಂದು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಹುದ್ದೆಯೇ ಇದೆ, ಮುಸ್ಲಿಂ ಚಾಪ್ಲೆನ್ ಎನ್ನುತ್ತಾರೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಕ್ರೈಸ್ತ ಪಾದ್ರಿಗಳು ಕಟ್ಟಿದ ಸಂಸ್ಥೆ. ಅದು 1999ರಲ್ಲಿ ಇಮಾಮ್ ಯಹ್ಯಾ ಹೆಂದಿಯವರನ್ನು ಪೂರ್ಣಾವಧಿಗೆ ನೇಮಿಸಿಕೊಂಡಿತು. ಜುಮ್ಮಾ ನಡೆಸುವುದರ ಜೊತೆಗೆ ವಿದ್ಯಾರ್ಥಿಗಳ ಕಷ್ಟ ಕೇಳುವುದೂ ಚಾಪ್ಲೆನ್‌ನ ಕೆಲಸ.

ನಮ್ಮಲ್ಲಿ ಅಂಥ ಹುದ್ದೆ ಬರುವವರೆಗೆ ಕಾಯಬೇಕಿಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ತೊಂದರೆಯವರನ್ನು ಗುರುತಿಸುವುದನ್ನು ಕಲಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಸಾಮಾನ್ಯರೂ ಕಲಿತು ಈ ಕೆಲಸದಲ್ಲಿ ಕೈಜೋಡಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ? 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಹೇಳಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಅವರು ಯಾರು ಎಂದು ಕೇಳಿರಿ. ಅದು ನಿಮ್ಮ ಹಕ್ಕು.

ಸಂಘದ ಮುಂದೆ ನನ್ನ ಸೂಚನೆ ಇಷ್ಟೇ. ನಾಲ್ಕೂ ಊರುಗಳಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ, ಹೀಗೆ ಇಬ್ಬಿಬ್ಬರನ್ನು ಆರಿಸೋಣ. ಶಿಕ್ಷಕರಿರಲಿ, ಆಲಿಮಾ ಇರಲಿ, ನರ್ಸ್ ಇರಲಿ, ಬಾಯಿ ಬಿಗಿಹಿಡಿಯಬಲ್ಲವರಾಗಿರಲಿ. ಜಿಲ್ಲಾ ಕಾರ್ಯಕ್ರಮದ ವೈದ್ಯರನ್ನು ಕರೆಸಿ ಅವರಿಗೆ ತರಬೇತಿ ಕೊಡಿಸೋಣ. ಮಕ್ಕಳು ಊರಿಗೆ ಬರುವ ಭಾನುವಾರ, ಜುಹರ್ ನಂತರ, ಎರಡು ತಾಸು ಒಂದು ಕೋಣೆ ತೆರೆದಿರಲಿ. ಯಾವ ಜಾತಿ ಧರ್ಮದ ವಿದ್ಯಾರ್ಥಿ ಬಂದರೂ ಚಾಪೆ ಒಂದೇ.

ಅಲ್ಲಿ ಕೂರುವವರಿಗೆ ಕೆಲವು ನಿಯಮಗಳಿರಲಿ. ಮೊದಲು ಪೂರ್ತಿ ಕೇಳಬೇಕು, ಉಪದೇಶ ಆಮೇಲೆ. ಮಜ್ಲಿಸಿನ ಮಾತು ಅಮಾನತ್. ಜೀವಕ್ಕೆ ಅಪಾಯವಿದ್ದಾಗ ಬಿಟ್ಟರೆ ತಂದೆತಾಯಿಗೂ, ಜಮಾತಿಗೂ, ಹೆಣ್ಣು ನೋಡಲು ಬಂದವರಿಗೂ ಅದು ತಲುಪಬಾರದು. ಮಗು ದುವಾ ಬಯಸಿದರೆ ಜೊತೆಗೂಡಿ ದುವಾ ಮಾಡಬೇಕು, ಬಯಸದಿದ್ದರೆ ಒತ್ತಾಯ ಬೇಡ. ತಮ್ಮ ಮಿತಿಯನ್ನು ತಿಳಿದಿರಬೇಕು. ವಾರಗಟ್ಟಲೆ ನಿದ್ದೆಯಿಲ್ಲ, ಯಾರೋ ಮಾತಾಡಿದಂತೆ ಕೇಳಿಸುತ್ತದೆ, ಸಾಯುವ ಮಾತು ಬರುತ್ತದೆ ಎಂದರೆ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡಬಾರದು.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಆದ್ದರಿಂದ ಹೆದರಿ ಚಿಕಿತ್ಸೆ ತಪ್ಪಿಸಬೇಡಿ.

ತಾಯಂದಿರೇ, ಅಬ್ಬಾಜಾನರೇ, ಕಾಯಿಲೆ ಬಿದ್ದರೆ ದುವಾ ಜೊತೆಗೆ ದವಾ ಮಾಡು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮನಸ್ಸಿನ ಕಾಯಿಲೆಗೂ ಅದೇ ಮಾತು ಅನ್ವಯಿಸಲಿ. ಮುಂದಿನ ವಾರ ಮಗ ಬಸ್ಸಿಳಿದು ಬಂದಾಗ ‘ಎಷ್ಟು ಅಂಕ ಬಂತು’ ಎಂಬ ಪ್ರಶ್ನೆಯನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಿ. ಮೊದಲು ‘ಹೇಗಿದ್ದೀಯಾ’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರಿ. ನಮ್ಮ ಮಕ್ಕಳ ಮಾತು ಕೇಳುವ ಸಹನೆಯನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್. ವಸ್ಸಲಾಮ್.